ಮೂಳೆಯಿದ್ದ ಆಲೂಗಡ್ಡೆ

ಅಂಗಡಿಯವರ ಮುಂದೆ ನಿಂತು ಬಾಡಿನ ಸಾರಿಗೆ ಬೇಕಾದ ಮಸಾಲೆ ಸಾಮಾನು ಹೇಳುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ನನ್ನ ಹೆಂಡತಿಗೆ ಇದು ನಾಚಿಕೆಯ ವಿಷಯ. ಕನಕಪುರದಲ್ಲಿ ನಾವು ಸಾಮಾನು ತರುವ ಅಂಗಡಿಯ ಶೆಟ್ಟರಿಗೆ ತಮಾಷೆಯ ವಿಷಯ. ಏನು ಮಾಡಲಿ, ಕಣ್ಣು ಬಿಟ್ಟುಕೊಂಡು ಹೇಳಿದರೆ ನಡುವೆ ಒಂದೆರಡು ತಪ್ಪಿಹೋಗುತ್ತವೆ. ಕಣ್ಣು ಮುಚ್ಚಿ, ಬೆರಳು ಮಡಿಸುತ್ತ, ಒಂದೇ ರಾಗದಲ್ಲಿ ಧನಿಯಾ, ಚಕ್ಕೆ, ಲವಂಗ, ಗಸಗಸೆ, ಮರಾಠಿ ಮೊಗ್ಗು ಎಂದು ಶುರುಮಾಡಿದರೆ ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲೂ ನಿಲ್ಲದೆ ಬರುತ್ತದೆ. "ಸ್ವಾಮಿಗಳ ಮಂತ್ರ ಮುಗೀಲಿ, ಆಮೇಲೆ ತೂಕ ಹಾಕು" ಎಂದು ಶೆಟ್ಟರು ಆಳಿಗೆ ಹೇಳುತ್ತಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಅದು ನನಗೆ ಮಂತ್ರದ ಹಾಗೆಯೇ ಬಂದದ್ದು, ಬಾಯಿಂದ ಕಿವಿಗೆ. ಉಪದೇಶ ಮಾಡಿದವನು ಮಾತ್ರ ಹುಟ್ಟಿದಾರಭ್ಯ ಬಾಡಿನ ತುಂಡು ಮುಟ್ಟದವನು. ಉಪದೇಶ ಆದದ್ದು ಜಪಾನಿನಲ್ಲಿ.

ಜಪಾನು ಎಂದ ಕೂಡಲೇ ನನ್ನನ್ನು ದೊಡ್ಡ ಮನುಷ್ಯನೆಂದು ತಿಳಿಯಬೇಡಿ. ನಾನು ಉಯ್ಯಂಬಳ್ಳಿಯಿಂದ ಇನ್ನೂ ಒಂದಿಷ್ಟು ಒಳಗಿರುವ ಊರಿನವನು. ಕನಕಪುರದಲ್ಲಿ ಐಟಿಐ ಮುಗಿಸಿ, ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲದಲ್ಲಿ, ಕಾರಿಗೆ ಬಣ್ಣ ಹೊಡೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಆ ವರ್ಷಗಳಲ್ಲಿ ನಮ್ಮ ಕಡೆ ಹುಡುಗನ ಮೈಮೇಲೆ ಕಂಪನಿಯ ಅಂಗಿ ಕಂಡರೆ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು, ಊರಿನಲ್ಲಿ ಹೆಣ್ಣು ಸಿಗುತ್ತಿತ್ತು. ಅಂಥ ಅಂಗಿಯವರಲ್ಲಿ ಕೆಲವರನ್ನು ಆರಿಸಿ ತರಬೇತಿಗೆಂದು ಜಪಾನಿಗೆ ಕಳಿಸುತ್ತಿದ್ದರು. ನನ್ನ ಹೆಸರು ಬಂದಾಗ ಊರಿಗೆ ಊರೇ ಬಸ್‌ಸ್ಟಾಪಿಗೆ ಬಂತು. ಸೇವಂತಿಗೆ ಹಾರ ಹಾಕಿದರು. ನಮ್ಮವ್ವ ಅತ್ತಳು. ಅಪ್ಪ ಅಳಲಿಲ್ಲ, ಆದರೆ ಬಸ್ಸಿನ ಚಕ್ರವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ಕಂಡಕ್ಟರ್ ಹಾರ ನೋಡಿ, "ಎಲ್ಲಿಗ್ಲಾ ಕೊಡ್ಲಿ, ಜಪಾನಿಗಾ, ಕನಕಪುರಕ್ಕಾ?" ಎಂದು ಕೇಳಿದ. ಇಡೀ ಬಸ್ಸು ನಕ್ಕಿತು. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಇಷ್ಟು ಹಾರ ತುರಾಯಿ ಆದಮೇಲೆ ಅರ್ಧಕ್ಕೇ ವಾಪಸು ಕಳಿಸಿಬಿಟ್ಟರೆ ಅದೇ ಬಸ್ಸಿನಲ್ಲಿ, ಅದೇ ಕಂಡಕ್ಟರನ ಕೈಯಲ್ಲಿ ಟಿಕೆಟ್ ತಗೊಂಡು ಊರಿಗೆ ಇಳಿಯಬೇಕಲ್ಲ, ಆ ಭಯ ನನ್ನ ಪೆಟ್ಟಿಗೆಯ ಜೊತೆಗೇ ವಿಮಾನ ಹತ್ತಿತ್ತು.

ಹೋದವರು ಮೂವರು. ಚನ್ನಪಟ್ಟಣದ ಕಡೆಯ ಬೋರೇಶ, ಮಾಗಡಿಯ ರುದ್ರೇಶ, ನಾನು. ಬೋರೇಶ ಅಗಲ ಹೆಗಲಿನ, ಅಗಲ ಬಾಯಿಯ ಆಸಾಮಿ. ಬಟ್ಟೆಗಿಂತ ಹೆಚ್ಚು ರಾಗಿಹಿಟ್ಟನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದ. ರುದ್ರೇಶ ದಿನವೂ ವಿಭೂತಿ ಹಚ್ಚಿಕೊಳ್ಳುವವನು, ಮೊಟ್ಟೆಯನ್ನೂ ಮುಟ್ಟದವನು. ಮಾಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ಅವರಪ್ಪನದು ತಟ್ಟೆ ಇಡ್ಲಿ, ಪೂರಿ ಸಾಗುವಿನ ಸಣ್ಣ ಹೋಟೆಲು. ಶಾಲೆಯ ಪುಸ್ತಕಕ್ಕಿಂತ ಮುಂಚೆ ಸೌಟು ಹಿಡಿದವನು ಅವನು. ಜಪಾನಿನಲ್ಲಿ ಪಾಪ, ಸಾರು ಎಂದು ಕೊಟ್ಟದ್ದರಲ್ಲೂ ಮೀನು, ಸೊಪ್ಪು ಎಂದು ಕೊಟ್ಟದ್ದರ ಮೇಲೂ ಮೀನಿನ ಪುಡಿ ಕಂಡು, ಬ್ರೆಡ್ಡು, ಮೊಸರು, ಅಮ್ಮ ಕೊಟ್ಟ ಚಟ್ನಿಪುಡಿಯಲ್ಲಿ ದಿನ ತಳ್ಳುತ್ತಿದ್ದ.

ನಮ್ಮ ಮೂವರ ಮೇಲೆ ಮೂರ್ತಿ ಸಾರ್ ಎಂಬ ಬೆಂಗಳೂರಿನ ಅಧಿಕಾರಿ. ಅವರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇರುತ್ತಿದ್ದರು. ಟೈ ಬಿಚ್ಚಿದ್ದನ್ನಾಗಲಿ, ಏನನ್ನಾದರೂ ತಿಂದದ್ದನ್ನಾಗಲಿ ನಾವು ಕಂಡವರಲ್ಲ. ನಾವಿದ್ದ ಹಾಸ್ಟೆಲನ್ನು ನೋಡಿಕೊಳ್ಳುತ್ತಿದ್ದವರು ಹಯಾಶಿ-ಸಾನ್ ಎಂಬ ಹಿರಿಯರು. 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಹಾಗಾಗಿ ಮಾಡಬಾರದ ಕೆಲಸಗಳನ್ನೆಲ್ಲ ಅವರು ಚಿತ್ರ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಒದ್ದೆ ಚಪ್ಪಲಿಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಕಿಟಕಿಯಲ್ಲಿ ಒಣಗಿಸಿದ ಪಂಚೆಯ ಚಿತ್ರ, ಅದರ ಮೇಲೆ ಕೆಂಪು ಗೀಟು. ನಾವು ಬಂದಮೇಲೆ ಆ ಗೋಡೆ ಬೇಗ ತುಂಬುತ್ತಿತ್ತು.

ಹೀಗಿರುವಾಗ ಯುಗಾದಿ ಬಂತು. ಶನಿವಾರ ಯುಗಾದಿ, ಭಾನುವಾರ ಹೊಸತೊಡಕು.

ಹೊಸತೊಡಕು ಅಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಯುಗಾದಿ ಹೋಳಿಗೆಯ ದಿನ. ಮಾರನೆಯದು ಬಾಡಿನ, ಅಂದರೆ ಮಾಂಸದೂಟದ ದಿನ. ನಮ್ಮೂರಿನಲ್ಲಿ ಅವತ್ತು ಹುಣಸೆಮರದ ಕೆಳಗೆ ಮರಿ ಕೊಯ್ದು, ಮಾಂಸವನ್ನು ಎಲೆಯ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಿದ್ದರು. ಗುಡ್ಡೆಗಳನ್ನು ಸಮ ಮಾಡುವ ಕೆಲಸ ನಮ್ಮಪ್ಪನದು. ತಕ್ಕಡಿ ಇಲ್ಲ, ಬರಿಗಣ್ಣು. ಈ ಗುಡ್ಡೆಯಿಂದ ಒಂದು ತುಂಡು ತೆಗೆದು ಆ ಗುಡ್ಡೆಗೆ, ಆ ಗುಡ್ಡೆಯ ಈಲಿಯ, ಅಂದರೆ ಲಿವರಿನ, ಚೂರನ್ನು ಇನ್ನೊಂದಕ್ಕೆ ಹಾಕುತ್ತ ಅಪ್ಪ ಕುಕ್ಕರಗಾಲಲ್ಲಿ ಸರಿಯುತ್ತಿದ್ದರೆ, ಸುತ್ತ ನಿಂತ ಗಂಡಸರ ಕಣ್ಣುಗಳೂ ಆ ಈಲಿಯ ಚೂರಿನ ಜೊತೆಗೇ ಸರಿಯುತ್ತಿದ್ದವು. ವರ್ಷವೆಲ್ಲ ಬದುವಿಗಾಗಿ ಜಗಳವಾಡುವವರು ಅವತ್ತು ಈಲಿಗಾಗಿ ಜಗಳವಾಡುತ್ತಿರಲಿಲ್ಲ. ಕಾರಣ ಒಂದು ನಂಬಿಕೆ. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ. ಅವತ್ತು ಜಗಳವಾಡಿದರೆ ವರ್ಷವೆಲ್ಲ ಜಗಳ, ಅತ್ತರೆ ವರ್ಷವೆಲ್ಲ ಅಳು.

ಈ ನಂಬಿಕೆ ಇದ್ದದ್ದರಿಂದಲೇ ನಮ್ಮ ಬಾಲ್ಯ ಅಷ್ಟು ಸೊಗಸಾಗಿತ್ತು. ಅವತ್ತು ಮಕ್ಕಳನ್ನು ಯಾರೂ ಹೊಡೆಯುವಂತಿರಲಿಲ್ಲ. ನಾನು ವರ್ಷವೆಲ್ಲ ಮಾಡಲಾಗದ ಕಿತಾಪತಿಗಳನ್ನೆಲ್ಲ ಆ ದಿನಕ್ಕೇ ಕೂಡಿಟ್ಟುಕೊಳ್ಳುತ್ತಿದ್ದೆ. ಒಂದು ಸಲ ಪಕ್ಕದ ಮನೆ ಅಜ್ಜಿಯ ಕೋಳಿಗೆ ಬಣ್ಣ ಬಳಿದುಬಿಟ್ಟೆ. ಮುಂದೆ ಕಾರಿಗೆ ಬಣ್ಣ ಬಳಿಯುವ ಹಣೆಬರಹ ಆಗಲೇ ಇತ್ತೋ ಏನೋ. ಅವ್ವ ಹಲ್ಲು ಕಚ್ಚಿಕೊಂಡು, "ಮಗಾ, ನಾಳೆ ಬಾ, ಐತೆ ನಿಂಗೆ" ಎಂದಳು. ಮಾರನೆಯ ದಿನ ಮಾತು ಉಳಿಸಿಕೊಂಡಳು.

ಜಪಾನಿನಲ್ಲಿ ಈ ನಂಬಿಕೆಯ ಮಾತು ತೆಗೆದವನು ಬೋರೇಶ. "ಲೇ, ಹೊಸತೊಡಕಿನ ದಿನ ಬ್ರೆಡ್ ತಿಂದ್ರೆ ವರ್ಸೆಲ್ಲ ಬ್ರೆಡ್ಡೇ ಕಣ್ಲಾ. ನಂಗಾಗಕ್ಕಿಲ್ಲ. ಬಾಡು ಆಗ್ಲೇಬೇಕು" ಎಂದ.

ಆಗಲಿ ಎಂದು ಹೊರಟೆವು. ಆ ಊರಿನ ದೊಡ್ಡ ಅಂಗಡಿಗಳಲ್ಲಿ ಸಮುದ್ರದೊಳಗಿನ ಎಲ್ಲ ಜೀವಗಳೂ ಇದ್ದವು. ನೆಲದ ಮೇಲಿನವುಗಳಲ್ಲಿ ಹಂದಿ, ದನ, ಕೋಳಿ ಇದ್ದವು. ಕುರಿ, ಆಡು ಎಂಬ ಜಾತಿ ಆ ದೇಶದಲ್ಲಿ ಹುಟ್ಟಿಯೇ ಇಲ್ಲವೇನೋ ಅನ್ನಿಸಿತು. ಕೊನೆಗೆ ಬೋರೇಶ ಅಂಗಡಿಯ ಹುಡುಗಿಯ ಮುಂದೆ ನಿಂತು, ಎರಡೂ ಕೈಯನ್ನು ಕಿವಿಯ ಹತ್ತಿರ ಇಟ್ಟುಕೊಂಡು, "ಮ್ಯಾ... ಮ್ಯಾ..." ಎಂದು ಅರಚಿದ. ಆಕೆ ಬೆಚ್ಚಲಿಲ್ಲ, ನಗಲೂ ಇಲ್ಲ. ಅರ್ಥವಾಯಿತೆಂಬಂತೆ ತಲೆಬಾಗಿ, ಬನ್ನಿ ಎಂದು ಕೈತೋರಿಸಿ, ಮಹಡಿ ಹತ್ತಿಸಿ ಕರೆದುಕೊಂಡು ಹೋಗಿ ನಮ್ಮನ್ನು ನಿಲ್ಲಿಸಿದ್ದು ಉಣ್ಣೆಯ ಕಾಲುಚೀಲಗಳ ಮುಂದೆ. ಅಷ್ಟು ಮರ್ಯಾದೆಯಾಗಿ ಕರೆತಂದವಳಿಗೆ ಇಲ್ಲ ಎನ್ನಲಾಗದೆ ಬೋರೇಶ ಒಂದು ಜೊತೆ ಕೊಂಡುಕೊಂಡ.

ಅಲ್ಲಿಂದ ಬರುವ ದಾರಿಯಲ್ಲಿ, ಹಳೆಯ ಟೈರು ರಾಶಿ ಹಾಕಿದ್ದ ಒಂದು ಅಂಗಳದ ಪಕ್ಕ, ಸಣ್ಣ ಅಂಗಡಿಯೊಂದರ ಬೋರ್ಡು ಕಣ್ಣಿಗೆ ಬಿತ್ತು. ಉರ್ದು ಅಕ್ಷರ. ನನಗೆ ಓದಲು ಬಾರದು, ಆದರೆ ರಾಮನಗರದ ಅಂಗಡಿಗಳ ಮೇಲೆ ನೋಡಿ ನೋಡಿ ಗುರುತು ಸಿಗುತ್ತದೆ. ನನ್ನ ಎದೆ ಹಿಗ್ಗಿತು. ಉರ್ದು ಎಂದರೆ ನನಗೆ ಭಯವೇ? ಚಿಕ್ಕಂದಿನಲ್ಲಿ ಅಪ್ಪನ ಜೊತೆ ರೇಷ್ಮೆಗೂಡು ಹಾಕಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿ, ನೂಲು ಬಿಚ್ಚುವ ರೀಲರ್ ಸಾಬರುಗಳ ಜೊತೆ ಚೌಕಾಸಿ ಮಾಡಿ ಕಲಿತ ಭಾಷೆ. "ಯಾರೂ ಮಾತಾಡ್ಬ್ಯಾಡಿ, ನಾನು ನೋಡ್ಕತೀನಿ" ಎಂದು ಮುಂದಾದೆ. ಒಳಗೆ ಹೋಗುವ ಮುಂಚೆ ಒಂದು ತೊಡಕು. ಏನೇನು ಸಾಮಾನು ಕೇಳಬೇಕು? ಊರಲ್ಲಿ ನಾವು ಕೊಯ್ಯುವವರು, ಗುಡ್ಡೆ ಹಾಕುವವರು, ಉಣ್ಣುವವರು. ಸಾರು ಮಾಡುವವರು ಹೆಂಗಸರು. ಅದರೊಳಗೆ ಏನು ಬೀಳುತ್ತದೆಂದು ನನಗೂ ಗೊತ್ತಿಲ್ಲ, ಬೋರೇಶನಿಗೂ ಗೊತ್ತಿಲ್ಲ.

"ಕುರ್ಮಾಕ್ಕೆ ಹಾಕೋದೇ ತಾನೆ?" ಎಂದ ರುದ್ರೇಶ ಹಿಂದಿನಿಂದ. ಆಗಲೇ ರಸ್ತೆಯ ಬದಿಯಲ್ಲಿ ನಿಂತು ನನಗೆ ಆ ಮಂತ್ರೋಪದೇಶ ಆದದ್ದು. ನಾನು ಮರೆತುಹೋದೀತೆಂದು ಕಣ್ಣು ಮುಚ್ಚಿಕೊಂಡು ಹೇಳಿಸಿಕೊಂಡೆ. ಅದೇ ಅಭ್ಯಾಸವಾಯಿತು.

ಅಂಗಡಿಯಲ್ಲಿದ್ದವರು ಬಿಳಿ ಗಡ್ಡದ, ಕರಾಚಿ ಕಡೆಯ ಹಿರಿಯರು. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ರಾಮನಗರದ ಶೈಲಿಯಲ್ಲಿ, "ಚಾಚಾ, ಬಕ್ರೇಕಾ ಗೋಷ್ ಹೋನಾ" ಎಂದೆ. ಕುರಿ ಮಾಂಸ ಬೇಕು ಎಂದು ನನ್ನ ಅರ್ಥ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಉರ್ದುವಿನಲ್ಲಿ 'ಹೋನಾ' ಎಂದರೆ ಬೇಕು ಅಲ್ಲವಂತೆ, ಆಗುವುದು ಅಂತೆ. ನಾನು ಅವರ ಮುಂದೆ ಎದೆಯುಬ್ಬಿಸಿ ನಿಂತು, ನಾನೇ ಕುರಿ ಮಾಂಸ ಆಗಬೇಕು ಎಂದಿದ್ದೆ. "ನೀವಾ ಮಗನೇ, ಅಥವಾ ಈ ದಪ್ಪಗಿರುವವನಾ?" ಎಂದು ಬೋರೇಶನ ಕಡೆ ಕೈತೋರಿಸಿ ಕೇಳಿದರು. ನಾನು ಇನ್ನಷ್ಟು ವಿವರಿಸಲು ಹೋಗಿ, "ಚರ್ಬಿ ನಕ್ಕೋ, ಹಡ್ಡಿ ಹೋನಾ" ಎಂದೆ. ಅಂದರೆ ಕೊಬ್ಬು ಬೇಡ, ಮೂಳೆ ಬೇಕು. ಅವರು ನಗಲು ಶುರುಮಾಡಿದವರು ಗಲ್ಲಾಪೆಟ್ಟಿಗೆ ಹಿಡಿದುಕೊಂಡು ಕೂತುಬಿಟ್ಟರು. ನಕ್ಕು ಮುಗಿಸಿ ಕಣ್ಣು ಒರೆಸಿಕೊಳ್ಳುವಾಗ ಅವರ ಮುಖ ಬೇರೆಯಾಗಿತ್ತು. ಅವರ ಅಜ್ಜಿ ಹೈದರಾಬಾದಿನ ಕಡೆಯಿಂದ ಬಂದವರಂತೆ, ಹೀಗೆಯೇ 'ನಕ್ಕೋ ನಕ್ಕೋ' ಎನ್ನುತ್ತಿದ್ದರಂತೆ, ಆ ಮಾತು ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತಂತೆ. ಮಾಂಸ, ಮಸಾಲೆಯ ಜೊತೆಗೆ ಬೇಯಿಸಲು ತಮ್ಮ ದೊಡ್ಡ ಪಾತ್ರೆಯನ್ನೂ ಕೊಟ್ಟರು. ಒಂದೇ ಷರತ್ತು, ವಾಪಸು ತಂದುಕೊಡಲು ನಾನೇ ಬರಬೇಕು, ಬಂದು ಒಂದು ಗಂಟೆ ಮಾತಾಡಬೇಕು.

ಮಾಂಸ ಹಾಸ್ಟೆಲಿನ ಫ್ರಿಜ್ಜು ಸೇರಿತು. ಇನ್ನು ಯುಗಾದಿ.

ಯುಗಾದಿ ಎಂದಮೇಲೆ ಹರಳೆಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಎಲ್ಲರಿಗೂ ಸೇರಿ ಒಂದೇ ಸ್ನಾನದ ತೊಟ್ಟಿ, ನಮ್ಮೂರಿನ ಎಮ್ಮೆ ಇಳಿಯುವ ಕಟ್ಟೆಯಷ್ಟು ದೊಡ್ಡದು, ಬಿಸಿನೀರು ತುಂಬಿದ್ದು. ಹೊರಗೆ ಮೈ ತೊಳೆದುಕೊಂಡು, ಸೋಪಿನ ನೊರೆಯೂ ಇಲ್ಲದ ಹಾಗೆ ಮಾಡಿಕೊಂಡು, ಆಮೇಲೆ ಅದರಲ್ಲಿ ಸುಮ್ಮನೆ ಕೂರಬೇಕು. ನಮಗೂ ಅದು ಗೊತ್ತಿತ್ತು. ಆದರೆ ಶನಿವಾರ ಬೆಳಿಗ್ಗೆ ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ಬಳಿದುಕೊಂಡು ಚಳಿಯಲ್ಲಿ ನಡುಗುತ್ತಿದ್ದ ಬೋರೇಶ, ಬಿಸಿನೀರಿನ ಹಬೆ ಕಂಡು ನಿಯಮವನ್ನೆಲ್ಲ ಮರೆತು, "ಶಿವಾ" ಎಂದು ಧುಮುಕಿಯೇಬಿಟ್ಟ. ಎಣ್ಣೆ ತೇಲಿತು. ಕಿಟಕಿಯ ಬಿಸಿಲು ಬಿದ್ದು ತೊಟ್ಟಿಯ ತುಂಬ ಏಳು ಬಣ್ಣ ಆಡತೊಡಗಿತು. ಕಾರ್ಖಾನೆಯ ಜಪಾನೀಯರು ಟವೆಲು ಹಿಡಿದು ಬಾಗಿಲಲ್ಲಿ ನಿಂತವರು ಹಾಗೆಯೇ ಹಿಂದಕ್ಕೆ ಹೋದರು. ಹಯಾಶಿ-ಸಾನ್ ಬಂದರು. ತೊಟ್ಟಿಯ ನೀರನ್ನೆಲ್ಲ ಬಿಟ್ಟು, ಮೊಣಕಾಲೂರಿ, ತಾವೇ ಉಜ್ಜತೊಡಗಿದರು. ನಾವೂ ಉಜ್ಜಿದೆವು. ಹರಳೆಣ್ಣೆ ಎಂಥದೆಂದು ಹಚ್ಚಿಕೊಂಡವರಿಗೇ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಹೊಸ ಚಿತ್ರ ಬಂತು. ತೊಟ್ಟಿ, ಅದರಲ್ಲಿ ಅಗಲ ಹೆಗಲಿನ ಒಬ್ಬ ಮನುಷ್ಯ, ಕೆಂಪು ಗೀಟು. ಚಿತ್ರದ ಹಿಂದೆಯೇ ಮೂರ್ತಿ ಸಾರ್ ಬಂದರು. "ಇನ್ನೊಂದು ಕಂಪ್ಲೇಂಟ್ ಬಂದ್ರೆ ಮೂವರನ್ನೂ ಮುಂದಿನ ಫ್ಲೈಟ್ ಹತ್ತಿಸ್ತೀನಿ. ಆಮೇಲೆ ಬಿಡದಿಯಲ್ಲಿ ನಿಮಗೆ ಕೆಲಸ ಇರುತ್ತೋ ಇಲ್ವೋ ನಾನು ಹೇಳೋಕಾಗಲ್ಲ" ಎಂದರು. ನನ್ನ ಕಣ್ಣ ಮುಂದೆ ಉಯ್ಯಂಬಳ್ಳಿಯ ಬಸ್ಸು, ಕಂಡಕ್ಟರು ಬಂದು ನಿಂತರು.

ಅವರು ಹೋದಮೇಲೆ ನಾನು, "ಬಾಡೂ ಬ್ಯಾಡ, ಏನೂ ಬ್ಯಾಡ. ಅಡುಗೆಮನೇಲಿ ನೀರು ಕಾಯಿಸೋದಷ್ಟೇ ಅಂತ ಅಲ್ಲೂ ಚಿತ್ರ ಅಂಟ್ಸವ್ರೆ" ಎಂದೆ.

"ನಾಳೆ ಭಾನುವಾರ. ಆ ಹಯಾಶಿ ಅಯ್ಯ ಮಧ್ಯಾಹ್ನ ಇರಕ್ಕಿಲ್ಲ, ಹೆಂಡ್ರ ಜೊತೆ ಎಲ್ಲೋ ಹೋಯ್ತಾನೆ. ಅಷ್ಟರಲ್ಲಿ ಬೇಯಿಸ್ಬುಟ್ಟು ತಿಂದು ತೊಳೆದಿಡಾನ" ಎಂದ ಬೋರೇಶ. ಆಮೇಲೆ ಮೆಲ್ಲಗೆ, "ವರ್ಸೆಲ್ಲ ಬ್ರೆಡ್ಡು ಕಣ್ಲಾ" ಎಂದ. ನಾನು ಸೋತೆ.

ಭಾನುವಾರ ಅಡುಗೆಮನೆಯೊಳಗೆ ನಾವಿಬ್ಬರು. ಬಾಗಿಲ ಹೊರಗೆ, ಓಣಿಯಲ್ಲಿ, ಮೂಗಿಗೆ ಟವೆಲು ಕಟ್ಟಿಕೊಂಡು, ನಮಗೆ ಬೆನ್ನು ಮಾಡಿ ನಿಂತ ರುದ್ರೇಶ. ಅವನಿಗೆ ಮಸಾಲೆ ಗೊತ್ತು, ಬಾಡು ಗೊತ್ತಿಲ್ಲ. ನಮಗೆ ಬಾಡು ಗೊತ್ತು, ಮಸಾಲೆ ಗೊತ್ತಿಲ್ಲ.

"ನೋಡ್ರಪ್ಪ, ಆ ಹೆಸರು ನನ್ನ ಬಾಯಲ್ಲಿ ಬರಲ್ಲ. ನಾನು ಸಾಗು ಮಾಡ್ಸ್ತಾ ಇದೀನಿ ಅಂತ ತಿಳ್ಕಂಡು ಹೇಳ್ತೀನಿ. ಆಲೂಗಡ್ಡೆ ಅಂದಾಗ ನಿಮ್ದು ಹಾಕ್ಕೊಳಿ" ಎಂದ.

ಹಾಗೇ ನಡೆಯಿತು. "ಈರುಳ್ಳಿ ಕೆಂಪಗಾಯ್ತಾ? ಈಗ ಆಲೂಗಡ್ಡೆ ಹಾಕಿ. ಅರಿಶಿನ ಹಾಕಿ. ನೀರು ಬಿಡೋವರೆಗೂ ಕೈಯಾಡಿಸಿ."

"ಆಲೂಗಡ್ಡೆ ಕೊಬ್ಬು ಬುಡ್ತಾ ಐತೆ" ಎಂದ ಬೋರೇಶ.

ಓಣಿಯಲ್ಲಿ ರುದ್ರೇಶ ಟವೆಲನ್ನು ಇನ್ನಷ್ಟು ಬಿಗಿದುಕೊಂಡ. "ಬಿಡ್ಲಿ. ಈಗ ರುಬ್ಬಿದ್ದು ಹಾಕಿ."

ಸ್ವಲ್ಪ ಹೊತ್ತಾದ ಮೇಲೆ, "ಆಲೂಗಡ್ಡೆ ಬೆಂದಿದ್ಯಾ? ಚಾಕುವಿಂದ ಚುಚ್ಚಿ ನೋಡಿ."

"ಚುಚ್ಚಿದ್ರೆ ಮೂಳೆ ಸಿಕ್ತದಲ್ಲೋ."

"ಮೂಳೆ ಇಲ್ಲದಿರೋ ಕಡೆ ಚುಚ್ರೋ. ಎಂಥಾ ಆಲೂಗಡ್ಡೆ ತಂದಿದೀರಪ್ಪ" ಎಂದು ರುದ್ರೇಶ ಟವೆಲಿನೊಳಗಿಂದಲೇ ಗೊಣಗಿದ.

ಉಪ್ಪಿನ ವಿಷಯದಲ್ಲಿ ಮಾತ್ರ ನಮಗೆ ಅವನ ಕಣ್ಣೂ ನಾಲಿಗೆಯೂ ಬೇಕಾಗಿತ್ತು. ಒಳಗೆ ಬರಲು ಅವನು ಒಪ್ಪಲಿಲ್ಲ. ಪಾತ್ರೆ ಎಷ್ಟು ತುಂಬಿದೆ ಎಂದು ಕೇಳಿದ, ಕುದಿಯುವ ಸದ್ದನ್ನು ಕಿವಿಯಿಟ್ಟು ಕೇಳಿಸಿಕೊಂಡ, ಬೋರೇಶನಿಗೆ ಕೈಯೊಡ್ಡಲು ಹೇಳಿ ಬಾಗಿಲ ಸಂದಿಯಿಂದ ಅವನ ಅಂಗೈಗೆ ಉಪ್ಪು ಸುರಿದ. ಪಕ್ಕದ ಒಲೆಯ ಮೇಲೆ ನಾನು ಮುದ್ದೆಗೆ ಎಸರಿಟ್ಟಿದ್ದೆ. ಅನ್ನದ ಮರದ ಚಮಚದಲ್ಲಿ ತಿರುವಲು ಹೋದೆ, ಲಟಕ್ಕನೆ ಮುರಿಯಿತು. ಬೋರೇಶ ಎಲ್ಲಿಂದಲೋ ಹೊಸ ಪೊರಕೆಯ ಕೋಲು ಬಿಚ್ಚಿ ತಂದ. ಮುದ್ದೆ ಕಟ್ಟಿ ಮುಗಿಸಿ, ಸಾರಿನ ಘಮ ಮೂಗಿಗೆ ಬಂದು, ಊರಿನ ಹುಣಸೆಮರ, ಅವ್ವನ ಒಲೆ ಎಲ್ಲ ನೆನಪಾಗುವ ಹೊತ್ತಿಗೆ ಸರಿಯಾಗಿ ಓಣಿಯಲ್ಲಿ ರುದ್ರೇಶನ ದನಿ ಬದಲಾಯಿತು.

"ಕೊನ್ನಿಚಿವಾ" ಎಂದ. ನಮಗೆಲ್ಲ ಗೊತ್ತಿದ್ದ ಒಂದೇ ಜಪಾನಿ ನಮಸ್ಕಾರ ಅದು.

ಹಯಾಶಿ-ಸಾನ್ ಬಾಗಿಲಲ್ಲಿ ನಿಂತಿದ್ದರು. ಮೂಗಿನ ಹೊಳ್ಳೆ ಅರಳಿಸಿ ಗಾಳಿ ಎಳೆದುಕೊಂಡರು. ಗೋಡೆಯ ಚಿತ್ರ ನೋಡಿದರು, ಪಾತ್ರೆ ನೋಡಿದರು, ನನ್ನ ಕೈಯಲ್ಲಿದ್ದ ಪೊರಕೆಯ ಕೋಲು ನೋಡಿದರು. ಏನೋ ಉದ್ದಕ್ಕೆ ಹೇಳಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಫೋನು ತಿರುಗಿಸಿದರು. ಅದರಲ್ಲಿ ನಮಗೆ ಅರ್ಥವಾದದ್ದು ಎರಡೇ ಮಾತು, ಇಂಡಿಯಾ ಎನ್ನುವುದಕ್ಕೆ ಅವರು ಬಳಸುವ 'ಇಂದೋ', ಮತ್ತು 'ಮೂರುತಿ-ಸಾನ್'.

"ಮುಗೀತು" ಎಂದ ರುದ್ರೇಶ.

ಹಯಾಶಿ-ಸಾನ್ ಮರಳಿ ಬಂದಾಗ ಕಂಕುಳಲ್ಲಿ ಸುತ್ತಿದ ನೀಲಿ ಟಾರ್ಪಾಲು ಇತ್ತು. ಪಾತ್ರೆಯ ಕಡೆ ಬೆರಳು ತೋರಿಸಿ, ಹೊರಗಿನ ಬಾಗಿಲ ಕಡೆ ತೋರಿಸಿದರು. ನಾನು, ಬೋರೇಶ ಪಾತ್ರೆಯ ಎರಡು ಕಿವಿ ಹಿಡಿದುಕೊಂಡೆವು. ಮುದ್ದೆಯ ತಟ್ಟೆಯನ್ನು ರುದ್ರೇಶ ಹೊತ್ತ, ಮುದ್ದೆ ಅವನಿಗೂ ಸಲ್ಲುತ್ತದೆ. ಮುಂದೆ ಅವರು, ಹಿಂದೆ ನಾವು, ಹಾಸ್ಟೆಲಿನ ಪ್ಲಾಸ್ಟಿಕ್ ಚಪ್ಪಲಿಯಲ್ಲಿ, ಬೀದಿಯಲ್ಲಿ ಮೆರವಣಿಗೆ. ಸೈಕಲಿನವರು ಇಳಿದು ನೋಡಿದರು.

"ಪೊಲೀಸ್ ಸ್ಟೇಷನ್ನಾ?" ಎಂದೆ.

"ಪೊಲೀಸಿಗೆ ಟಾರ್ಪಾಲ್ ಯಾಕ್ಲಾ? ಊರಾಚೆ ಗುಂಡಿ ತೋಡಿ ಹೂಣಿಸ್ತಾನೆ. ಬಾಡನ್ನೋ ನಮ್ಮನ್ನೋ ಗೊತ್ತಿಲ್ಲ" ಎಂದ ಬೋರೇಶ. ಆದರೂ ಪಾತ್ರೆ ತುಳುಕದ ಹಾಗೆ ಬಹಳ ಜೋಪಾನವಾಗಿ ನಡೆಯುತ್ತಿದ್ದ.

ತಿರುವು ದಾಟಿದರೆ ಹೊಳೆಯ ದಂಡೆ. ದಂಡೆಯುದ್ದಕ್ಕೂ ಎಲೆಯೇ ಇಲ್ಲದೆ ಬರೀ ಹೂವೇ ಆಗಿ ನಿಂತ ಮರಗಳು. ಮರಮರದ ಕೆಳಗೆ ಟಾರ್ಪಾಲು ಹಾಸಿಕೊಂಡು ಸಂಸಾರ ಸಮೇತ ಕೂತು ತಿನ್ನುತ್ತಿದ್ದ ಜನ. ಆ ವಾರ ಅವರಿಗೂ ಹಬ್ಬವೇ ಅಂತೆ, ಹೂ ನೋಡುವ ಹಬ್ಬ. ಹಯಾಶಿ-ಸಾನ್ ಹಾಸ್ಟೆಲಿಗೆ ಮರಳಿದ್ದೇ ಟಾರ್ಪಾಲು ಒಯ್ಯಲು. ಹಯಾಶಿ-ಸಾನ್ ಒಂದು ಮರದ ಕೆಳಗೆ ಟಾರ್ಪಾಲು ಹಾಸಿ, ಪಾತ್ರೆಯನ್ನು ನಡುವೆ ಇಡಿಸಿ, ಕೂರಿ ಎಂದು ಕೈಮಾಡಿದರು. ಅಲ್ಲಿ ಆಗಲೇ ಅವರ ಹೆಂಡತಿ, ನೆರೆಯ ಇಬ್ಬರು ಹೆಂಗಸರು ಡಬ್ಬಿಗಳನ್ನು ಬಿಚ್ಚಿಕೊಂಡು ಕಾಯುತ್ತಿದ್ದರು. ನಾವು ಪಾತ್ರೆಯ ಪಕ್ಕದಲ್ಲೇ ಕೂತೆವು.

ಅಷ್ಟರಲ್ಲಿ ದೂರದಿಂದ ಮೂರ್ತಿ ಸಾರ್ ಟೈ ಹಾರಿಸಿಕೊಂಡು ಓಡುತ್ತ ಬಂದರು. ಫೋನಿನಲ್ಲಿ ಕರೆದದ್ದು ಊಟಕ್ಕೆ ಎಂದು ಅವರಿಗೂ ಅರ್ಥವಾಗಿರಲಿಲ್ಲ. "ಏನ್ರೀ ಮಾಡಿದ್ರಿ ಮತ್ತೆ?" ಎನ್ನುತ್ತಿದ್ದವರನ್ನು ಹಯಾಶಿ-ಸಾನ್ ಭುಜ ಒತ್ತಿ, ಬೂಟು ಬಿಚ್ಚಿಸಿ ಕೂರಿಸಿಯೇಬಿಟ್ಟರು. ಬೋರೇಶ ಕಾಗದದ ತಟ್ಟೆಗಳನ್ನು ಸಾಲಾಗಿಟ್ಟು, ಊರಿನ ಅಭ್ಯಾಸದಂತೆ ಗುಡ್ಡೆ ಹಾಕತೊಡಗಿದ. ಈ ತಟ್ಟೆಯಿಂದ ಆ ತಟ್ಟೆಗೆ, ಆ ತಟ್ಟೆಯಿಂದ ಈ ತಟ್ಟೆಗೆ. ಜಪಾನೀಯರು ಉಸಿರು ಬಿಗಿಹಿಡಿದು ನೋಡಿದರು, ಸಮವಾದಾಗ ತಲೆದೂಗಿದರು.

"ಏನಿದು?" ಎಂದರು ಮೂರ್ತಿ ಸಾರ್, ಪಾತ್ರೆಯೊಳಗೆ ಬಗ್ಗಿ.

"ಆಲೂಗಡ್ಡೆ ಸಾರ್" ಎಂದ ರುದ್ರೇಶ ಅಭ್ಯಾಸಬಲದಿಂದ.

ಮೂರ್ತಿ ಸಾರ್ ಸುತ್ತಮುತ್ತ ನೋಡಿದರು. ಬೆಂಗಳೂರಿನವರು ಯಾರೂ ಇರಲಿಲ್ಲ. "ನನಗೆ ಬರೀ ಗ್ರೇವಿ ಹಾಕಿ" ಎಂದರು. ಬೋರೇಶ ಗ್ರೇವಿಯನ್ನೇ ಹಾಕಿದ, ಆದರೆ ಸೌಟು ಆಳಕ್ಕೆ ಹೋಗಿತ್ತು. ತಾವಾಗಿ ಬಂದ ತುಂಡುಗಳನ್ನು ಮೂರ್ತಿ ಸಾರ್ ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಒಂಚೂರು ಗ್ರೇವಿ" ಎಂದಾಗ ತಟ್ಟೆಯ ಅಂಚಿನಲ್ಲಿ ಮೂಳೆಗಳು ಬಲು ಚೊಕ್ಕಟವಾಗಿ ಸಾಲಾಗಿ ಕೂತಿದ್ದವು.

ಹಯಾಶಿ-ಸಾನ್ ಒಂದು ತುತ್ತಿಗೆ ಬೆವತು, ಎರಡನೆಯ ತುತ್ತಿಗೆ ಅತ್ತು, ಅಲ್ಲಿಗೆ ಮರ್ಯಾದೆಯಾಗಿ ನಿಲ್ಲಿಸಿ ತಮ್ಮ ಡಬ್ಬಿಯ ಅನ್ನಕ್ಕೆ ಹೋದರು. ಮುದ್ದೆ ಅಗಿದು ಅಗಿದು ದವಡೆ ಹಿಡಿದುಕೊಂಡ ಅವರ ಹೆಂಡತಿಗೆ ಬೋರೇಶ, "ಅಗೀಬ್ಯಾಡಿ ಕಣಮ್ಮ, ನುಂಗ್ಬುಡಿ" ಎಂದು ಕತ್ತು ಚಾಚಿ ತೋರಿಸಿಕೊಟ್ಟ. ರುದ್ರೇಶನ ಮುಂದೆ ಬರೀ ಮುದ್ದೆ ಇತ್ತು, ಸಾರಿರಲಿಲ್ಲ. ಆ ಅಮ್ಮ ಅದನ್ನು ಗಮನಿಸಿ, ಒಂದು ಎಲೆ ಸುತ್ತಿದ ಉಂಡೆ ಕೊಟ್ಟರು. ಅವನು ಅನುಮಾನದಿಂದ ಮುರಿದು, ಮೂಸಿ, ಮೀನಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗಿಟ್ಟ. ಅಗಿಯುವುದನ್ನೇ ನಿಲ್ಲಿಸಿಬಿಟ್ಟ. "ಹೂರಣ ಕಣ್ರೋ" ಎಂದ. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಹೊರಗೆ ಉಪ್ಪುಪ್ಪು ಒಗರೊಗರು ಎಲೆ. ಊರು ಬಿಟ್ಟ ಮೇಲೆ ಅವನು ಹೊಟ್ಟೆತುಂಬ ತಿಂದದ್ದನ್ನು ನಾನು ನೋಡಿದ್ದು ಅವತ್ತೇ. ಡಬ್ಬಿ ಖಾಲಿಯಾಯಿತು, ಆ ಅಮ್ಮ ಚಪ್ಪಾಳೆ ತಟ್ಟಿದರು.

ಕೊನೆಗೆ ಫೋಟೋ. ಹಯಾಶಿ-ಸಾನ್ ಕ್ಯಾಮೆರಾ ತೆಗೆದದ್ದೇ ಮೂರ್ತಿ ಸಾರ್ ತಟ್ಟೆ ಬಿಟ್ಟು ಮರದ ಹಿಂದೆ ಸರಿದರು. "ರುದ್ರೇಶ್, ನೀವೇ ಅಲ್ವಾ ಮಾಡಿಸಿದ್ದು? ಸೌಟು ಹಿಡ್ಕೊಂಡು ಮಧ್ಯದಲ್ಲಿ ನಿಲ್ಲಿ" ಎಂದು ಅಲ್ಲಿಂದಲೇ ಅಪ್ಪಣೆ ಕೊಟ್ಟರು. ಹೊಟ್ಟೆ ತುಂಬಿದ ರುದ್ರೇಶ ಧಾರಾಳವಾಗಿ ನಕ್ಕು ನಿಂತ.

ನಮ್ಮನ್ನು ಯಾರೂ ವಾಪಸು ಕಳಿಸಲಿಲ್ಲ. ತರಬೇತಿ ಮುಗಿಸಿ ಊರಿಗೆ ಬಂದೆವು. ಎಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಯಾಶಿ-ಸಾನ್ ಆ ಫೋಟೋವನ್ನು ಕಂಪನಿಗೆ ಕಳಿಸಿದರು, ಕಂಪನಿ ಅದನ್ನು ತನ್ನ ಪತ್ರಿಕೆಯಲ್ಲಿ ಹಾಕಿತು. ಹೂಮರದ ಕೆಳಗೆ ಪಾತ್ರೆ, ಪಾತ್ರೆಯ ಹಿಂದೆ ವಿಭೂತಿ ಹಚ್ಚಿ ಸೌಟು ಹಿಡಿದ ರುದ್ರೇಶ, ಕೆಳಗೆ 'ಜಪಾನಿನಲ್ಲಿ ಮಟನ್ ಸಾರಿನ ಸವಿ ಉಣಿಸಿದ ನಮ್ಮ ರುದ್ರೇಶ್' ಎಂಬ ಒಕ್ಕಣೆ. ಆಗ ಬಿಡದಿಯಲ್ಲಿ ಎಂಥ ಕಾಲ ಎಂದರೆ ನಮ್ಮ ನಾಲ್ಕು ತಾಲ್ಲೂಕಿನ ಎಲ್ಲರ ಮನೆಯ ಒಬ್ಬೊಬ್ಬ ಅಲ್ಲಿನ ಯಾವುದಾದರೂ ಕಾರ್ಖಾನೆಯಲ್ಲಿ ಇದ್ದೇ ಇರುತ್ತಿದ್ದ. ರುದ್ರೇಶನಿಗೆ ಸೋಲೂರಿನ ಕಡೆ ಗಿರಿಜಾ ಎಂಬ ಹುಡುಗಿಯನ್ನು ನೋಡಿ, ಇಬ್ಬರೂ ಮೆಚ್ಚಿ, ಮಾತು ಆಗಿತ್ತು. ಆ ಹುಡುಗಿಯ ಸೋದರಮಾವ ನಮ್ಮ ಪಕ್ಕದ ಕಾರ್ಖಾನೆಯವನು. ಪತ್ರಿಕೆ ಅವನ ಕೈಗೆ ಬಿತ್ತು, ಅಲ್ಲಿಂದ ಹುಡುಗಿಯ ತಾತನ ಕೈಗೆ ಹೋಯಿತು. ಮದುವೆ ಮಾತು ನಿಂತೇಹೋಯಿತು.

ರುದ್ರೇಶ ಮೂರು ದಿನ ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಂದು, "ನೀವಿಬ್ರೂ ಬಂದು ನಡೆದದ್ದು ಹೇಳಿ. ನಂಗೆ ಆ ಹುಡುಗೀನೇ ಬೇಕು" ಎಂದ. ಅವನು ಹಾಗೆ ಏನನ್ನೂ ಬೇಡಿದವನಲ್ಲ. ಹೋದೆವು. ಸಾಕ್ಷಿಗೆ ತೂಕ ಬರಲೆಂದು ನಾನು ಕಂಪನಿಯ ಅಂಗಿ ಹಾಕಿಕೊಂಡೆ. ಬೋರೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನನಗೂ ಹೇಳದೆ, ಹಣೆಯ ತುಂಬ ವಿಭೂತಿಪಟ್ಟೆ ಎಳೆದುಕೊಂಡು ಬಂದಿದ್ದ.

ಬಿಳಿ ಪಂಚೆಯ ತಾತ ನಡುಮನೆಯಲ್ಲಿ ಕೂತಿದ್ದರು. ಬೋರೇಶನ ಹಣೆ ನೋಡಿ ಸ್ವಲ್ಪ ಮೆತ್ತಗಾಗಿ, "ತಮ್ಮದು ಯಾವ ಮಠ?" ಎಂದು ಕೇಳಿದರು.

"ಬಿಡದಿ" ಎಂದ ಬೋರೇಶ.

ತಾತ ನನ್ನ ಕಡೆ ತಿರುಗಿ ಪತ್ರಿಕೆ ಮುಂದಿಟ್ಟರು. "ಸೌಟು ಹಿಡ್ಕೊಂಡಿರೋದು ಇವನೇ ತಾನೇ? ಪಾತ್ರೇಲಿ ಏನಿತ್ತು?"

ಸುಳ್ಳು ಹೇಳುವುದೆಂದು ಬಸ್ಸಿನಲ್ಲಿ ನಿರ್ಧಾರವಾಗಿತ್ತು. ಆದರೆ ಬಾಗಿಲ ಪಕ್ಕದಲ್ಲಿ ತಲೆತಗ್ಗಿಸಿ ನಿಂತಿದ್ದ ರುದ್ರೇಶನನ್ನು ನೋಡಿ ನನಗೆ ಸುಳ್ಳು ಬರಲಿಲ್ಲ. ಎಣ್ಣೆಯ ತೊಟ್ಟಿಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಟವೆಲು, ಓಣಿ, ಬಾಗಿಲ ಸಂದಿಯ ಉಪ್ಪು, ಒಳಗೆ ಕಾಲಿಡದ ಅವನ ಹಟ, ನಾವು ಬ್ರೆಡ್ಡು ತಿಂದು ಹಬ್ಬ ಮಾಡಬಾರದೆಂದು ಅವನು ಪಟ್ಟ ಕಷ್ಟ. ನಾನು ಮುಗಿಸಿದಾಗ ತಾತ ಪತ್ರಿಕೆಯ ಫೋಟೋವನ್ನು ಮತ್ತೆ ಎತ್ತಿಕೊಂಡು ನೋಡಿದರು. ಒಳಗಿನ ಬಾಗಿಲ ಹಿಂದೆ ಯಾರೋ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದದ್ದು ಕೇಳಿಸುತ್ತಿತ್ತು. ಆಮೇಲೆ ಗಿರಿಜಾ ಹೊರಗೇ ಬಂದಳು.

"ಅಣ್ಣ, ಒಳಗೆ ನೋಡ್ದೇನೇ ಹೇಳಿದ್ರಾ ಇವರು?" ಎಂದು ನನ್ನನ್ನು ಕೇಳಿದಳು.

"ನೋಡ್ಲೇ ಇಲ್ಲಮ್ಮ."

"ರುಚಿ ಹೆಂಗಿತ್ತು?"

"ನಮ್ಮವ್ವನ ಕೈರುಚಿ ಹಂಗೇ ಇತ್ತು" ಎಂದೆ. ಅದು ನಿಜವಾಗಿತ್ತು.

ಅವಳು ತಾತನ ಕಡೆ ತಿರುಗಿದಳು. "ತಾತ, ಮುಟ್ದೇ ನೋಡ್ದೇ ಇಷ್ಟು ಮಾಡ್ಸೋರು ಮುಟ್ಟಿ ನೋಡಿ ಇನ್ನೆಷ್ಟು ಮಾಡಕ್ಕಿಲ್ಲ? ನಂಗೆ ಅಡುಗೆ ಅಂದ್ರೆ ಮೊದ್ಲಿಂದ್ಲೂ ಆಗಲ್ಲ ಅಂತ ನಿಮ್ಗೂ ಗೊತ್ತು. ಇಂಥೋರು ಇನ್ನೊಬ್ರು ಸಿಗಕ್ಕಿಲ್ಲ."

ತಾತ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕರು. ಆ ಶ್ರಾವಣದಲ್ಲೇ ಮದುವೆಯಾಯಿತು.

ಈಗ ಅವರ ಮನೆ ರಾಮನಗರದಲ್ಲಿ. ನಾನು, ಬೋರೇಶ ಆಗಾಗ ಹೋಗುತ್ತೇವೆ. ಗಿರಿಜಾ ನಮ್ಮ ಜೊತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಊರಿನ ಸುದ್ದಿಯನ್ನೆಲ್ಲ ಕೇಳುತ್ತಾಳೆ, ಹೇಳುತ್ತಾಳೆ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತದೆ, ಪಾತ್ರೆ ಸದ್ದಾಗುತ್ತದೆ, ರುದ್ರೇಶ ಕೆಮ್ಮುತ್ತಾನೆ. ಹೋದ ಸಲ ಬೋರೇಶನಿಗೆ ಮನಸ್ಸು ತಡೆಯದೆ, ಈರುಳ್ಳಿಯಾದರೂ ಹೆಚ್ಚಿಕೊಡೋಣವೆಂದು ಎದ್ದ.

"ಕೂತ್ಕಳಿ ಅಣ್ಣ, ಅವ್ರು ಮಾಡ್ಕತಾರೆ" ಎಂದಳು ಗಿರಿಜಾ. "ಜಪಾನಿಂದ ಟ್ರೇನಿಂಗ್ ಆಗಿ ಬಂದವ್ರೆ."